ಸುಖಲೋಪದ ಅಳತೆ: ಒಂದು ವಿಮರ್ಶೆ

ಸ್ಕಿಜೋಫ್ರೀನಿಯಾ ಎಂಬ ಚಿತ್ತರೋಗದಿಂದ ಪೀಡಿತರಾದವರು ಸುಖವನ್ನು ಅನುಭವಿಸುವ ಶಕ್ತಿಯನ್ನೇ ಕಳೆದುಕೊಳ್ಳುವರೆಂಬುದು ವೈದ್ಯರಲ್ಲಿ ಬಹುಕಾಲ ರೂಢವಾಗಿದ್ದ ಮತ. ಸುಖದ ಈ ಲೋಪಕ್ಕೆ ಫ್ರಾನ್ಸಿನ ರಿಬೊ ಪಂಡಿತನು 1896ರಲ್ಲಿ ‘ಅನ್‌ಹೆಡೋನಿಯಾ’ ಎಂಬ ಹೆಸರನ್ನು ಬಳಸಿದನು. ಇದನ್ನು ಅಳೆಯುವುದಕ್ಕೆಂದು ಅಮೆರಿಕದ ಲೋರೆನ್ ಚಾಪ್ಮನ್, ಜೀನ್ ಚಾಪ್ಮನ್, ಮೈಕೆಲ್ ರಾಲಿನ್ ಎಂಬ ಮೂವರು 1976ರಲ್ಲಿ ಪ್ರಶ್ನಾವಳಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಶಾರೀರಿಕ ಸುಖವನ್ನು ಕುರಿತದ್ದು, ತಿದ್ದುಪಾಟಾದ ಮೇಲೆ, 61 ವಾಕ್ಯಗಳುಳ್ಳದ್ದು. ಪ್ರತಿಯೊಂದಕ್ಕೂ ‘ಸರಿ’ ಅಥವಾ ‘ತಪ್ಪು’ ಎಂದು ಗುರುತು ಹಾಕಬೇಕು. ಚಿಕಿತ್ಸೆಯ ವಿಚಾರ ವೈದ್ಯರದು. ವಾಕ್ಯಾರ್ಥದ ವಿಚಾರವಾದರೋ ಸಾಹಿತ್ಯವ್ಯಾಸಂಗಿಗಳಿಗೂ ಸೇರಿದುದು.

ಈ ವಾಕ್ಯಗಳಲ್ಲೊಂದು, ಸೂರ್ಯಾಸ್ತದ ಚೆಲುವನ್ನು ಜನರು ಅತಿಯಾಗಿ ಹೊಗಳುತ್ತಾರೆಂಬ ಅಭಿಪ್ರಾಯವನ್ನು ಮುಂದಿಟ್ಟು ಸಮ್ಮತಿಯನ್ನು ಕೇಳುತ್ತದೆ. ಇದು ಸುಖದ ವರದಿಯೋ, ಕಾವ್ಯವಿಮರ್ಶೆಯೋ? ಸವೆದ ಸೂರ್ಯಾಸ್ತವರ್ಣನೆಗಳನ್ನು ಪಾಠ ಹೇಳಿ ಬೇಸತ್ತ ಅಧ್ಯಾಪಕರಲ್ಲಿ ಅನೇಕರು ‘ಸರಿ’ ಎಂದೇ ಗುರುತು ಹಾಕಿಯಾರು! ಮತ್ತೊಂದು ಆರ್ಗನ್ ವಾದ್ಯವನ್ನು ಕುರಿತದ್ದು; ಅದನ್ನು ಎಂದೂ ಕೇಳದವನು ಏನು ಹೇಳಬೇಕು? ಇವು ಸಣ್ಣ ದೋಷಗಳು. ದೊಡ್ಡದು ಬೇರೆಯಿದೆ. ‘ಯಾವಾಗಲೂ’, ‘ಅಪರೂಪವಾಗಿ’ ಮುಂತಾದ ಕಾಲವಾಚಕಗಳಿಂದ ಕೂಡಿದ ಅನೇಕ ವಾಕ್ಯಗಳು ಕೇಳುವುದು ಈ ಕ್ಷಣದ ಅನುಭವವನ್ನಲ್ಲ. ಕಳೆದ ಜೀವಮಾನವನ್ನೆಲ್ಲ ನೆನೆದು ತಾನು ಎಂತಹವನೆಂಬ ತೀರ್ಪನ್ನು. ಸುಖಪಡುವುದು ಬೇರೆ, ತಾನು ಸುಖಪಡುವವನೆಂದು ತನ್ನನ್ನು ತಿಳಿದಿರುವುದು ಬೇರೆ.

ಈ ಭೇದ ಬರಿಯ ಮಾತಿನದಲ್ಲ. 1996ರಲ್ಲಿ ಆನ್ ಕ್ರಿಂಗ್ ಮತ್ತು ಜಾನ್ ನೀಲ್ ಅವರು ರೋಗಿಗಳಿಗೆ ಭಾವೋದ್ದೀಪಕವಾದ ಚಲಚ್ಚಿತ್ರಭಾಗಗಳನ್ನು ತೋರಿಸಿದರು. ಮುಖದಲ್ಲಿ ಕಂಡ ಭಾವಚಿಹ್ನೆಗಳು ಆರೋಗ್ಯವಂತರಲ್ಲಿದ್ದುದಕ್ಕಿಂತ ಕಡಿಮೆ. ಒಳಗೆ ಆಯಿತೆಂದು ಅವರು ಹೇಳಿದ ಭಾವ ಮಾತ್ರ ಕಡಿಮೆಯಿರಲಿಲ್ಲ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ, ಕುಗ್ಗಿದ್ದು ಅನುಭಾವ, ಭಾವವಲ್ಲ. ಕೋಹೆನ್ ಮತ್ತು ಮೈನರ್ ಎಂಬವರು 2010ರಲ್ಲಿ ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಹಿತವಾದ ವಸ್ತುಗಳಿಂದ ಒದಗುವ ಸುಖವು ಉಭಯರಲ್ಲಿಯೂ ಬಹುಮಟ್ಟಿಗೆ ಸಮವಾಗಿಯೇ ಕಂಡುಬಂದಿತು. ಅಂತಹ ರೋಗಿಗಳೇ ಪ್ರಶ್ನಾವಳಿಯ ಮುಂದೆ ಕುಳಿತರೆ ಸುಖಹೀನರೆನಿಸುತ್ತಾರೆ!

ಈ ತೊಡಕನ್ನು ಬಿಡಿಸಲು ಡೇವಿಡ್ ಗಾರ್ಡ್ ಮೊದಲಾದವರು 2006ರಲ್ಲಿ, ಬರಲಿರುವ ಸುಖದ ನಿರೀಕ್ಷೆಯನ್ನೂ ಒದಗಿದ ಸುಖದ ಭೋಗವನ್ನೂ ಬೇರ್ಪಡಿಸಿದ 18 ವಾಕ್ಯಗಳ ಮಾನವೊಂದನ್ನು ರಚಿಸಿದರು. ವಿಭಾಗವೇನೋ ಸೊಗಸಾದುದು. ಆದರೆ ರೋಗದಲ್ಲಿ ಕುಂದುವುದು ನಿರೀಕ್ಷೆಯೊಂದೇ ಎಂಬ ಮತಕ್ಕೆ ಎಲ್ಲ ಪರೀಕ್ಷೆಗಳಲ್ಲಿಯೂ ಬೆಂಬಲ ದೊರೆತಿಲ್ಲ. ಆಶ್ಚರ್ಯವೇನು? ಇಲ್ಲಿಯೂ ಭೋಗವನ್ನು ಕಲ್ಪಿಸಿಕೊಂಡೇ ಉತ್ತರಿಸಬೇಕು.

ಅಂಕಿಯ ತಪ್ಪು ಕಾಗದದಲ್ಲಿಯೇ ಉಳಿದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ‘ಇವನಿಗೆ ಯಾವುದೂ ರುಚಿಸದು’ ಎಂದು ಒಮ್ಮೆ ನಿರ್ಣಯವಾದರೆ ಹಾಡು, ಹಬ್ಬದೂಟ, ನಂಟರ ಮನೆಯ ಕರೆ, ಒಂದೊಂದೇ ನಿಂತುಹೋದಾವು.

ಇಂತಹ ಪ್ರಶ್ನಾವಳಿಗಳನ್ನು ಕನ್ನಡಿಸುವವರು ಇನ್ನೂ ಎಚ್ಚರವಾಗಿರಬೇಕು. ‘ಸುಖವೇ?’ ಎಂದರೆ ಕ್ಷೇಮವೇ ಎಂದಾಗುತ್ತದೆ. ‘ಆನಂದ’ಕ್ಕೆ ವೇದಾಂತದ ವಾಸನೆ ಅಂಟಿದೆ. ‘ರುಚಿಸಿತೆ?’, ‘ಹಿತವಾಯಿತೆ?’ ಎಂಬ ಮನೆಮಾತುಗಳೇ ಲೇಸು. ಅವನ್ನೂ, ಕಾಫಿಯ ವಿಷಯವಾದರೆ, ಲೋಟವನ್ನು ಕೆಳಗಿಡುವ ಮೊದಲೇ ಕೇಳಬೇಕು.