ನಯಸೇನನ ಕಥೆಗಳಲ್ಲಿ ವಿಡಂಬನೆ

ಧರ್ಮಾಮೃತದ ಕರ್ತೃವಾದ ನಯಸೇನನು ಮುಳುಗುಂದದವನು. ನರೇಂದ್ರಸೇನ ಮುನಿಯ ಶಿಷ್ಯನು. ಕ್ರಿ. ಶ. 1112ರ ಸುಮಾರಿಗೆ ರಚಿತವಾದ ಈ ಗ್ರಂಥದ 14 ಕಥೆಗಳು ಜೈನಧರ್ಮದ ಮಹಿಮೆಯನ್ನು ಸಾರಲೆಂದೇ ಹುಟ್ಟಿದವು. ಆದರೆ ಅವುಗಳಿಗೆ ಜೀವ ಬಂದಿರುವುದು ಉಪದೇಶದಿಂದಲ್ಲ, ಕವಿಯ ಚುರುಕು ನಾಲಗೆಯಿಂದ. ಕನ್ನಡದಲ್ಲಿ ಸಂಸ್ಕೃತವನ್ನು ಸಲ್ಲದಂತೆ ಬೆರಸುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರೆಂದು ಹಾಸ್ಯಮಾಡಿದ ಈತನು (ತನ್ನ ಮಾತನ್ನು ತಾನೇ ಎಲ್ಲೆಡೆಯೂ ಪಾಲಿಸಿದನೆನ್ನುವಂತಿಲ್ಲ) ದಿನದ ಬಾಳಿನಿಂದ ಉಪಮಾನಗಳನ್ನು ಹೆಕ್ಕಿ, ಒಂದರ ಮೇಲೊಂದನ್ನು ಪೇರಿಸುತ್ತಾನೆ. ಆ ರಾಶಿಯು ಓದುಗನನ್ನು ದಣಿಸುವುದೂ ಉಂಟು.

ವಸುಭೂತಿಯ ಕಥೆಯಲ್ಲಿ ಈತನ ಶಕ್ತಿ ಎದ್ದು ಕಾಣುತ್ತದೆ. ದಯಾಮಿತ್ರಸೆಟ್ಟಿಯ ಜತೆಯಲ್ಲಿ ಹೊರಟು, ಹೊನ್ನಿನಾಸೆಗೆ ಜಿನದೀಕ್ಷೆ ತಳೆದ ಬ್ರಾಹ್ಮಣನು ಮೊದಲು ನಗೆಪಾಟಲಾಗುತ್ತಾನೆ. ದಾರಿಯಲ್ಲಿ ಕಳ್ಳರು ಮೇಲೆ ಬಿದ್ದು ಗಾಯಗೊಂಡು ಸಾಯುವಾಗ ಅವನೇ ನಿಜವಾದ ಮುನಿ. ನಗುತ್ತಿದ್ದ ಓದುಗನು ಅಲ್ಲಿ ತಡೆದು ನಿಲ್ಲುತ್ತಾನೆ.

ಪರಮತಗಳನ್ನು ಹಳಿಯುವ ಭಾಗಗಳಲ್ಲಿ ಈ ಕರುಣೆಯಿಲ್ಲ. ಅವನ್ನು ಆ ಕಾಲದ ಜನಜೀವನದ ಪೂರ್ಣಸಾಕ್ಷ್ಯವೆಂದು ಹಿಡಿಯುವುದೂ ಯುಕ್ತವಲ್ಲ. ಸೊರಬ ಸೀಮೆಯ ಕುಬಟೂರಿನಲ್ಲಿ ದೊರೆತ, 11ನೆಯ ಶತಮಾನದ ಉತ್ತರಾರ್ಧದ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಅಲ್ಲಿ ಮಾಡಿಸಿದ ಪಾರ್ಶ್ವದೇವ ಚೈತ್ಯಾಲಯಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟವರು ಆ ಅಗ್ರಹಾರದ ಬ್ರಾಹ್ಮಣರೇ.