ಹಲ್ಲು ಎಣಿಸುವ ನ್ಯಾಯ ಮತ್ತು ಜೋಡಿ ಒಡಲಿನ ದೋಣಿ

ಸ್ಪರ್ಧೆಯಲ್ಲಿ ನ್ಯಾಯವೆಂದರೆ ಏನೆಂದು ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಶರ್ಯತ್ತಿಗೆ ಬಂದ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವುದು ಏಕೆಂದು ಇಲ್ಲಿನ ಹುಡುಗರಿಗೂ ಗೊತ್ತು: ಎರಡು ಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಜೊತೆ ಓಡಿಸಿದರೆ ಅದು ಶರ್ಯತ್ತಾಗುವುದಿಲ್ಲ. ಕುಸ್ತಿಯ ಕಣದಲ್ಲೂ ಹಿರಿಯ ಪೈಲ್ವಾನರು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಹೆಗಲು ತೊಡೆ ನೋಡಿ ಜೋಡಿ ಕಟ್ಟುತ್ತಾರೆ. ಹಾಯಿದೋಣಿಯ ಪಂದ್ಯಗಳಲ್ಲಿ ಇದೇ ಕೆಲಸವನ್ನು ‘ಕ್ಲಾಸ್’ ಎಂಬ ವ್ಯವಸ್ಥೆ ಮಾಡುತ್ತದೆ. ಸಣ್ಣ ಕ್ಯಾಟಮರನ್‌ಗಳ ಕ್ಲಾಸುಗಳು ಕಳೆದ ಆರು ದಶಕಗಳಲ್ಲಿ ಒಂದರ ಹಿಂದೊಂದು ಹುಟ್ಟಿವೆ. ಕೆಲವು ಹಬ್ಬಿವೆ, ಕೆಲವು ಸೊರಗಿವೆ. ಯಾವುದು ಹೆಚ್ಚು ವೇಗದ್ದು, ಯಾವುದಕ್ಕೆ ಒಲಿಂಪಿಕ್ಸ್ ಮನ್ನಣೆ ಸಿಕ್ಕಿತು ಎಂಬ ಲೆಕ್ಕದಿಂದ ಈ ಏಳುಬೀಳು ಅರ್ಥವಾಗುವುದಿಲ್ಲ. ಹಿಂದೆ ಉಳಿದ ಹಳೆಯ ದೋಣಿಯವನಿಗೆ ಮುಂದಿನ ಪಂದ್ಯದಲ್ಲೂ ಜಾಗ ಉಳಿಸುವ ನಿಯಮ ಯಾವ ಕ್ಲಾಸಿನಲ್ಲಿದೆಯೋ ಅದು ಬೆಳೆದಿದೆ. ಘಟಪ್ರಭೆಯ ಹಿನ್ನೀರಿನ ದಂಡೆಯವರು ಈ ಕ್ರೀಡೆಯನ್ನು ತೂಗಿ ನೋಡಬೇಕಾದದ್ದೂ ಇದೇ ತಕ್ಕಡಿಯಲ್ಲಿ ಎಂಬುದು ನನ್ನ ವಾದ.

ಕ್ಯಾಟಮರನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು. ಆದರೆ ಕಟ್ಟುಮರವೆಂದರೆ ಬಿಗಿದು ಕಟ್ಟಿದ ದಿಮ್ಮಿಗಳ ತೆಪ್ಪ; ಇಂದಿನ ಕ್ಯಾಟಮರನ್ ಎರಡು ತೆಳ್ಳನೆಯ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ಹಾಯಿದೋಣಿ. ಒಡಲು ಕಿರಿದಾದಷ್ಟು ನೀರಿನ ತಡೆ ಕಡಿಮೆ, ಎರಡರ ನಡುವಿನ ಅಂತರ ಹೆಚ್ಚಿದಷ್ಟು ಮಗುಚುವ ಭಯ ಕಡಿಮೆ. ಇವೆರಡೂ ಕೂಡಿ ಬಂದ ವೇಗವೇ ಅದಕ್ಕೆ ಮೊದಲ ಶತ್ರುವಾಯಿತು. 1876ರಲ್ಲಿ ನಥಾನಿಯಲ್ ಹೆರೆಷಾಫ್ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ದೋಣಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ತಂದು ಉಳಿದವರನ್ನೆಲ್ಲ ಹಿಂದೆ ಹಾಕಿದಾಗ, ಸೋತವರು ತಕರಾರು ಎತ್ತಿದರು. ಅಂಥ ದೋಣಿಗಳನ್ನು ಪಂದ್ಯದಿಂದಲೇ ಹೊರಗಿಟ್ಟರು. ಹೊರಗಿಟ್ಟದ್ದು ಸಣ್ಣತನವೆಂದು ಅನೇಕರು ಬರೆದಿದ್ದಾರೆ. ನನಗೆ ಆ ತಕರಾರಿನಲ್ಲಿ ಹುರುಳೂ ಕಾಣುತ್ತದೆ. ಒಂದೇ ಒಡಲಿನ ದೋಣಿಯ ಎದುರು ಅದನ್ನು ಓಡಿಸುವುದು ಹಲ್ಲು ಎಣಿಸದೆ ಎತ್ತು ಕಟ್ಟಿದಂತೆಯೇ. ತಪ್ಪಾದದ್ದು ಬೇರೆ ಕಣ ಕೊಡದೆ ಹೊರಹಾಕಿದ್ದರಲ್ಲಿ. ಆ ಕಣ ಸಿಗಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

ಕಣ ಸಿಕ್ಕ ಮೇಲೆ ಎರಡು ದಾರಿಗಳು ತೆರೆದವು. ಒಂದು, ಉದ್ದ, ಅಗಲ, ತೂಕ, ಹಾಯಿಯ ವಿಸ್ತೀರ್ಣ ಇಷ್ಟೇ ಇರಲಿ ಎಂದು ಗೆರೆ ಹಾಕಿ, ಗೆರೆಯೊಳಗೆ ಯಾರು ಹೇಗೆ ಬೇಕಾದರೂ ಕಟ್ಟಲಿ ಎನ್ನುವುದು. ಒಬ್ಬನೇ ನಡೆಸುವ ಎ ಕ್ಲಾಸ್ ಹೀಗೆ ಬಂದದ್ದು: ಉದ್ದ 5.49 ಮೀಟರ್, ಅಗಲ 2.3 ಮೀಟರ್, ತೂಕ 75 ಕಿಲೋಗಿಂತ ಕಡಿಮೆ ಇರಕೂಡದು. ಇನ್ನೊಂದು ದಾರಿ ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ ಹಿಡಿದದ್ದು. ಎಲ್ಲ ದೋಣಿಗಳೂ ಒಂದೇ ಅಚ್ಚಿನವು, ಬದಲಾವಣೆಗೆ ಆಸ್ಪದವಿಲ್ಲ. ಅವರ ‘ಹೋಬಿ 16’ ದೋಣಿ ಒಂದು ಲಕ್ಷಕ್ಕೂ ಮೀರಿ ತಯಾರಾಯಿತು. ಸಣ್ಣ ಕ್ಯಾಟಮರನ್‌ಗಳಲ್ಲಿ ಅದರಷ್ಟು ಹರಡಿದ್ದು ಮತ್ತೊಂದಿಲ್ಲ. ಇಂದಿನ ಲೆಕ್ಕದಲ್ಲಿ ಅದು ನಿಧಾನ, 145 ಕಿಲೋ ಭಾರ, ಮೂತಿ ನೀರಿಗೆ ಹೂತು ಪಲ್ಟಿ ಹೊಡೆಯುವ ಚಟದ್ದು. ಆದರೂ ಅರ್ಧ ಶತಮಾನದಿಂದ ಪಂದ್ಯಗಳು ನಡೆಯುತ್ತಲೇ ಇವೆ. ಅದರ ವಿಶ್ವ ಪಂದ್ಯಾವಳಿಯಲ್ಲಿ ಸಂಘಟಕರೇ ದೋಣಿ ಒದಗಿಸಿ, ಒಂದೊಂದು ಓಟಕ್ಕೂ ಅದಲುಬದಲು ಮಾಡಿಸುವ ಪದ್ಧತಿಯಿದೆ. ಹಣವಂತನ ದೋಣಿ, ಬಡವನ ದೋಣಿ ಎಂಬ ಮಾತೇ ಅಲ್ಲಿ ಏಳುವುದಿಲ್ಲ. ಇಬ್ಬರು ನಾವಿಕರ ಒಟ್ಟು ತೂಕ ಸುಮಾರು 129 ಕಿಲೋಗಿಂತ ಕಡಿಮೆಯಾದರೆ ಕೊರತೆಯಷ್ಟು ಭಾರವನ್ನು ದೋಣಿಗೆ ಕಟ್ಟಬೇಕು. ಹೀಗಾಗಿ ಹಗುರ ಮೈಯವರಿಗೆ ಅನಾಯಾಸದ ಲಾಭವಿಲ್ಲ. ಹೆಣ್ಣುಮಕ್ಕಳು, ಹದಿಹರೆಯದವರು, ಗಂಡಹೆಂಡತಿ ಎಲ್ಲರೂ ಒಂದೇ ಸಾಲಿನಲ್ಲಿ ಹೊರಡಬಹುದು. ಕುಸ್ತಿಯ ಹಿರಿಯರು ಕಣ್ಣಳತೆಯಲ್ಲಿ ಮಾಡುವುದನ್ನು ಈ ನಿಯಮ ತಕ್ಕಡಿಯಲ್ಲಿ ಮಾಡಿತು.

ಒಲಿಂಪಿಕ್ಸ್ ಹಾದಿಯ ಕತೆ ಇದಕ್ಕೆ ವಿರುದ್ಧ. 1967ರಲ್ಲಿ ಇಂಗ್ಲೆಂಡಿನ ರಾಡ್ನಿ ಮಾರ್ಚ್ ರೂಪಿಸಿದ ಟಾರ್ನೇಡೊ, 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿತು. 2012ರ ಲಂಡನ್ ಪಂದ್ಯಗಳಲ್ಲಿ ಜೋಡಿ ಒಡಲಿನ ದೋಣಿಗೆ ಜಾಗವೇ ಇರಲಿಲ್ಲ. ಮೇಲಿನ ಆಸರೆ ಕಳಚಿದೊಡನೆ ಟಾರ್ನೇಡೊ ಕಟ್ಟುವವರೂ ಕೊಳ್ಳುವವರೂ ವಿರಳವಾದರು. 2016ರಲ್ಲಿ ನಾಕ್ರಾ 17 ಬಂತು, ಒಂದು ದೋಣಿಯಲ್ಲಿ ಒಬ್ಬ ಗಂಡು ಒಬ್ಬ ಹೆಣ್ಣು ಎಂಬ ನಿಯಮದೊಂದಿಗೆ. ಆ ನಿಯಮ ನಿಜಕ್ಕೂ ಮೆಚ್ಚುವಂಥದು. ರಿಯೊದಲ್ಲಿ ಚಿನ್ನ ಗೆದ್ದ ಅರ್ಜೆಂಟೀನಾದ ಸಾಂಟಿಯಾಗೊ ಲಾಂಗೆ ಆಗ 54ರ ಹರೆಯದವರು, ಜೊತೆಗಾತಿ ಸೆಸಿಲಿಯಾ ಕರಾಂಜಾ. ಆದರೆ ಆ ಪಂದ್ಯ ಮುಗಿದ ಬೆನ್ನಿಗೇ ನೀರೊಳಗೆ ಫಾಯಿಲ್ ಎಂಬ ರೆಕ್ಕೆ ಜೋಡಿಸಿ ಅದನ್ನು ಹಾರುವ ದೋಣಿಯಾಗಿ ಬದಲಿಸಿದರು. ಹಳೆಯ ದೋಣಿಯಿದ್ದವರು ಹೊಸ ಸಾಮಾನಿಗೆ ದುಡ್ಡು ಸುರಿಯಬೇಕು, ಇಲ್ಲವೆ ದಡದಲ್ಲಿ ಉಳಿಯಬೇಕು. ನೋಡುವವರಿಗೆ ಅದು ಸೊಗಸು, ಸ್ಪರ್ಧಿಗಳ ಬಳಗಕ್ಕೆ ಅದು ಪೆಟ್ಟು. ಎ ಕ್ಲಾಸಿಗೂ ಇದೇ ಗಾಳಿ ಬೀಸಿತು. ಆದರೆ ಅಲ್ಲಿನವರು ಬೇಗ ಎಚ್ಚೆತ್ತು, ಹಾರುವವರಿಗೆ ‘ಓಪನ್’, ನೀರನ್ನು ಬಿಡದವರಿಗೆ ‘ಕ್ಲಾಸಿಕ್’ ಎಂದು ಎರಡು ಸಾಲು ಮಾಡಿದರು. ಕೊನೆಗೂ ಹಲ್ಲು ಎಣಿಸಲೇಬೇಕಾಯಿತು.

ಒಂದೇ ಅಚ್ಚು ಎಂದರೆ ಬುದ್ಧಿಗೆ ಬೀಗ ಹಾಕಿದಂತೆ ಎಂಬ ಆಕ್ಷೇಪ ಹಳೆಯದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಗೆರೆ ಹಾಕಿ ಬಿಟ್ಟುಕೊಟ್ಟ ಕ್ಲಾಸುಗಳಿಂದಲೇ ಹಗುರ ಒಡಲು, ಬಾಗಿದ ಹಲಗೆ, ಹಾರುವ ರೆಕ್ಕೆ ಹೊಮ್ಮಿದವು. ಒಬ್ಬನೇ ತಯಾರಕನನ್ನು ನಂಬಿದ ಕ್ಲಾಸ್ ಅವನ ಜೊತೆ ಜಗಳವಾದರೆ ಕಂಗಾಲಾಗುತ್ತದೆ ಎಂಬುದೂ ನಿಜ. 2019ರಲ್ಲಿ ಲೇಸರ್ ದೋಣಿಯ ಸಂಘ ಮತ್ತು ಯುರೋಪಿನ ತಯಾರಕರ ನಡುವೆ ಬಿರುಕು ಬಿಟ್ಟು, ಜಗತ್ಪ್ರಸಿದ್ಧವಾದ ಆ ಹೆಸರನ್ನೇ ಬಿಟ್ಟು ಐಎಲ್‌ಸಿಎ ಎಂದು ಕರೆದುಕೊಳ್ಳಬೇಕಾಯಿತು. ಇವೆರಡರ ನಡುವೆ ಫಾರ್ಮುಲಾ 18 ಒಂದು ಹದ ಹುಡುಕಿತು. ಉದ್ದ 5.52 ಮೀಟರ್, ಅಗಲ 2.6 ಮೀಟರ್, ತೂಕ 180 ಕಿಲೋ ಎಂಬ ಗೆರೆಯೊಳಗೆ ಹಲವು ತಯಾರಕರು. ನಾವಿಕರ ಮೈತೂಕ ನೋಡಿ ಹಾಯಿಯ ಅಳತೆ. ಅದರ ನ್ಯಾಯಬುದ್ಧಿಯನ್ನು ಒಪ್ಪುತ್ತೇನೆ. ಆದರೆ ಹಲವು ತಯಾರಕರಿದ್ದಲ್ಲಿ ಪ್ರತಿ ಕೆಲವು ವರ್ಷಕ್ಕೊಮ್ಮೆ ಹೊಸ ಮಾದರಿ ಬರುತ್ತದೆ, ಹಳೆಯದರ ಬೆಲೆ ಬೀಳುತ್ತದೆ. ಐವತ್ತು ದೋಣಿಗಳಿರುವ ಊರಿಗೆ ಅದು ಸಹ್ಯ. ಐದೇ ದೋಣಿಗಳಿಂದ ಆರಂಭಿಸುವ ಊರಿಗೆ ಹೊಸತನಕ್ಕಿಂತ ಸಮಾನತೆ ಮೊದಲು ಬೇಕು.

ಅಂಥ ಊರು ನಮ್ಮದಾಗಬಹುದೇ? ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ, ತುಂಬಿದ ಮಟ್ಟ 2,175 ಅಡಿ. ಅಷ್ಟು ವಿಶಾಲ ನೀರು ಕಂಡೊಡನೆ ದೋಣಿ ಇಳಿಸಬಹುದೆಂದು ಅನ್ನಿಸುವುದು ಸಹಜ, ತೊಡಕು ಪಂಚಾಂಗದಲ್ಲಿದೆ. ಗಾಳಿ ಜೋರಾಗುವುದು ಆಷಾಢದಲ್ಲಿ, ಆಗ ನೀರು ಇನ್ನೂ ತಳ ಹಿಡಿದಿರುತ್ತದೆ. ಜಲಾಶಯ ತುಂಬಿ ನಿಲ್ಲುವ ಹೊತ್ತಿಗೆ ಮುಂಗಾರಿನ ಗಾಳಿ ಇಳಿಮುಖವಾಗಿರುತ್ತದೆ. ಆಮೇಲೆ ಕಾಲುವೆಗೆ ನೀರು ಹರಿದಂತೆಲ್ಲ ದಂಡೆ ಹಿಂದೆ ಸರಿಯುತ್ತ ಹೋಗುತ್ತದೆ. ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ಮೇಲೇಳುತ್ತದೆ, ಕಲ್ಲು ಕೆಸರು ತೆರೆದುಕೊಳ್ಳುತ್ತವೆ. ಇಂಥಲ್ಲಿ ನೀರೊಳಗೆ ಆಳಕ್ಕೆ ಹಲಗೆ ಇಳಿಬಿಡುವ ದೋಣಿ ತಾಗಿ ಒಡೆಯುತ್ತದೆ, ಫಾಯಿಲ್‌ನ ಮಾತಂತೂ ಬೇಡವೇ ಬೇಡ. ಹೋಬಿ 16ಕ್ಕೆ ಆ ಹಲಗೆಯೇ ಇಲ್ಲ. ಪಕ್ಕಕ್ಕೆ ಜಾರದಂತೆ ತಡೆಯುವುದು ಒಡಲಿನ ಅಸಮ ಆಕಾರ. ಚುಕ್ಕಾಣಿ ನೆಲ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ದೋಣಿಯನ್ನು ಮಳಲ ಮೇಲಕ್ಕೇ ಎಳೆಯಬಹುದು. ಕಡಲ ದಂಡೆಗೆಂದು ಮಾಡಿದ ಈ ಉಪಾಯ ಮಟ್ಟ ಏರಿಳಿಯುವ ಜಲಾಶಯಕ್ಕೂ ಹೊಂದುತ್ತದೆ. ನದಿಯ ಕೆಳಗೆ, ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರ ಒಡ್ಡಿನ ಹಿಂದೆಯೂ ನೀರಿದೆ. ಅದು 1974ರಿಂದ ಪಕ್ಷಿಧಾಮ. ಚಳಿಗಾಲದಲ್ಲಿ ದೂರದಿಂದ ಬರುವ ಕೊಕ್ಕರೆಗಳ ನೆಲೆಯಲ್ಲಿ ಹಾಯಿ ಬಿಚ್ಚುವುದನ್ನು ನಾನು ಒಪ್ಪಲಾರೆ.

ಇದು ಉಳ್ಳವರ ಆಟ, ಮೂಡಲಗಿಯ ಕಬ್ಬಿನ ಗದ್ದೆಗೆ ಹರಿಯಬೇಕಾದ ನೀರಿನ ಮೇಲೆ ಏಕೆ ಎಂದು ಕೇಳುವವರಿದ್ದಾರೆ. ನೀರಿನ ಮಾತಿಗೆ ಉತ್ತರ ಸುಲಭ: ಹಾಯಿದೋಣಿ ಹನಿ ನೀರನ್ನೂ ಕುಡಿಯುವುದಿಲ್ಲ, ಎಣ್ಣೆಯನ್ನೂ ಸುರಿಯುವುದಿಲ್ಲ, ಮೀನು ಹಿಡಿಯುವವರ ಬಲೆಯ ಜಾಗ ಬಿಟ್ಟು ಓಟದ ಗುರುತು ಹಾಕಿದರೆ ಸಾಕು. ಉಳ್ಳವರ ಆಟ ಎಂಬ ಮಾತಿಗೆ ಭೋಪಾಲದ ಹಾಯಿದೋಣಿ ಶಾಲೆ ಉತ್ತರ ಕೊಟ್ಟಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಐಎಲ್‌ಸಿಎ 4 ದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಕಡಲಿಲ್ಲದ ನಾಡಿನ ಕೆರೆಯಲ್ಲಿ, ಆ ಶಾಲೆ ಒದಗಿಸಿದ ದೋಣಿಯಲ್ಲಿ ಕಲಿತವಳು. ಅದೇ ಕೂಟದಲ್ಲಿ ಭಾರತಕ್ಕೆ ಬಂದ ಮೂರೂ ಹಾಯಿ ಪದಕಗಳು ಒಂದೇ ಅಚ್ಚಿನ ಕ್ಲಾಸುಗಳಿಂದ ಬಂದವು. ಹಿಡಕಲ್‌ನಲ್ಲಿ ದೋಣಿ ಇಳಿಯುವುದಾದರೆ ಅದು ಯಾರೊಬ್ಬರ ಸ್ವತ್ತಾಗಿ ಬರಬಾರದು. ಆರೋ ಎಂಟೋ ಹೋಬಿ 16 ಒಂದು ಸಂಘದ ಹೆಸರಿನಲ್ಲಿ ಇರಲಿ, ಪ್ರತಿ ಓಟಕ್ಕೂ ಚೀಟಿ ಎತ್ತಿ ದೋಣಿ ಹಂಚಲಿ, ಪ್ರತಿಯೊಬ್ಬರ ಮೈಮೇಲೆ ತೇಲುವ ಜಾಕೆಟ್ ಇರಲಿ, ದಡದಲ್ಲಿ ರಕ್ಷಣೆಯ ಮೋಟಾರು ದೋಣಿ ಸಿದ್ಧವಿರಲಿ. ನೀರು ತುಂಬಿಯೂ ಇರುವ, ಗಾಳಿ ಪೂರ್ತಿ ಸತ್ತೂ ಇರದ ಶ್ರಾವಣದ ಕೊನೆ ಮತ್ತು ಭಾದ್ರಪದದ ಕೆಲವೇ ವಾರಗಳು ಓಟಕ್ಕೆ ಸಿಗುತ್ತವೆ. ಹದಗಾಳಿಯಲ್ಲೂ ಎಲ್ಲ ದೋಣಿಗಳು ಒಟ್ಟಿಗೆ ತೇಲುವುದಕ್ಕೆ ಅಷ್ಟು ಕಾಲ ಸಾಕು.