ಹಾಡು ಯಾರದು, ಲೆಕ್ಕ ಯಾರದು?

ಕಪ್ಪು ಜನರ ಸಂಗೀತವನ್ನು ಹೊಗಳುವವರಿಗೆ ನಮ್ಮಲ್ಲಿ ಬರವಿಲ್ಲ. ‘ನೋವಿನ ದನಿ’, ‘ಆತ್ಮದ ಕೂಗು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನೋವು ಹಾಡಾಯಿತು, ಸರಿ. ಹಾಡು ದುಡ್ಡಾದಾಗ ಆ ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಬಿತ್ತು? ಇದನ್ನು ಕೇಳದ ವಿಮರ್ಶೆ ಉಳ್ಳವರ ವಿಮರ್ಶೆ. ಅಮೆರಿಕದ ಕರ್ಟಿಸ್ ಮೇಫೀಲ್ಡ್ ತಾರುಣ್ಯದಲ್ಲೇ ಇದನ್ನು ಕೇಳಿಕೊಂಡವನು.

1942ರಲ್ಲಿ ಷಿಕಾಗೋದಲ್ಲಿ ಹುಟ್ಟಿದ. ಅಪ್ಪ ಮನೆ ಬಿಟ್ಟು ಹೋದ. ಬೆಳೆದದ್ದು ಸರ್ಕಾರ ಬಡವರಿಗೆಂದು ಕಟ್ಟಿಸಿದ ಕ್ಯಾಬ್ರಿನಿ ವಸತಿಯಲ್ಲಿ. ಅಜ್ಜಿಯ ಚರ್ಚಿನಲ್ಲಿ ಹಾಡು ಕಲಿತ. ಹೈಸ್ಕೂಲು ಮುಗಿಸಲಿಲ್ಲ. ಗಿಟಾರನ್ನು ತಾನೇ ಕಲಿತ. ತಂತಿಗಳನ್ನು ಪಿಯಾನೋದ ಕರಿಮನೆಗಳ ಸ್ವರಕ್ಕೆ ಶ್ರುತಿ ಮಾಡಿಕೊಂಡ. ಬಲ್ಲವರ ಕಣ್ಣಿಗೆ ಅದು ತಪ್ಪು ಶ್ರುತಿ. ಕೊನೇತನಕ ಅದರಲ್ಲೇ ನುಡಿಸಿದ.

ಬಂಡಾಯವೆಂದರೆ ಗಂಟಲು ಹರಿಯುವಂತೆ ಕೂಗುವುದು ಅಂದುಕೊಂಡವರು ಇವನನ್ನು ಕೇಳಬೇಕು. ತೆಳ್ಳನೆಯ ಮೇಲುದನಿ, ತೊಟ್ಟಿಲು ತೂಗಿದ ಹಾಗೆ. ‘ಇಂಪ್ರೆಷನ್ಸ್’ ತಂಡಕ್ಕೆ ಅವನು ಕಟ್ಟಿದ ‘ಕೀಪ್ ಆನ್ ಪುಶಿಂಗ್’ (1964), ‘ಪೀಪಲ್ ಗೆಟ್ ರೆಡಿ’ (1965) ನಾಗರಿಕ ಹಕ್ಕುಗಳ ಚಳವಳಿಯ ಹಾಡುಗಳಾದವು. ಮುಂದೆ ‘ವಿಯರ್ ಎ ವಿನ್ನರ್’ ಹಾಡಿನಲ್ಲಿ ನಮ್ಮ ಜನ ಗೆಲ್ಲುವವರೇ ಎಂದು ನೇರವಾಗಿ ಸಾರಿದಾಗ ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲೊಪ್ಪಲಿಲ್ಲ. ಮೆತ್ತನೆಯ ದನಿಗೂ ಹೆದರುವವರಿದ್ದಾರೆ ನೋಡಿ! 1968ರಲ್ಲಿ ಅದು ಕಪ್ಪು ಸಂಗೀತದ ಪಟ್ಟಿಯಲ್ಲಿ ಮೊದಲನೆಯದಾಯಿತು.

ಆಗಿನ ಪದ್ಧತಿ ಏನು? ಹಾಡು ಬರೆದವನ ಕೈಗೆ ಅಷ್ಟಿಷ್ಟು ಕೊಟ್ಟು ಹಕ್ಕನ್ನು ಕಂಪನಿ ಬರೆಸಿಕೊಳ್ಳುವುದು. ಮೇಫೀಲ್ಡ್ ತನ್ನ ಹಾಡುಗಳ ಹಕ್ಕಿಗೆ 1960ರ ದಶಕದ ಆರಂಭದಲ್ಲೇ ಸ್ವಂತ ಪ್ರಕಾಶನ ಮಾಡಿಕೊಂಡ. 1968ರಲ್ಲಿ ಎಡ್ಡಿ ಥಾಮಸ್ ಜತೆ ‘ಕರ್ಟಮ್’ ರೆಕಾರ್ಡ್ ಕಂಪನಿ ಶುರು ಮಾಡಿದ. ಬರೆಯುವವನೂ ಅವನೇ, ಹಾಡುವವನೂ ಅವನೇ, ನಿರ್ಮಾಪಕನೂ ಅವನೇ. ವ್ಯಾಪಾರಕ್ಕಿಳಿದವನು ಬಂಡಾಯಗಾರ ಹೇಗಾದಾನು ಎಂದು ಕೆಲವರು ಮೂಗು ಮುರಿಯಬಹುದು. ತಲೆಮಾರುಗಟ್ಟಲೆ ದುಡಿದು ಲೆಕ್ಕದ ಪುಸ್ತಕವನ್ನು ಮುಟ್ಟಲಾಗದವರ ಮೊಮ್ಮಗ ಆ ಪುಸ್ತಕ ಕಿತ್ತುಕೊಳ್ಳುವುದೂ ಬಂಡಾಯವೇ. ಅದಕ್ಕೂ ಮಿತಿ ಇತ್ತು: ರೆಕಾರ್ಡು ಅಂಗಡಿ ಮುಟ್ಟುತ್ತಿದ್ದುದು ಮೊದಲು ಬುಡ್ಡಾ, ಆಮೇಲೆ ವಾರ್ನರ್ ಕಂಪನಿಗಳ ಮೂಲಕ. ಹೊಲ ಇವನದು, ಸಂತೆ ಅವರದು.

ಈ ಇಕ್ಕಟ್ಟು ಎದ್ದು ಕಾಣುವುದು ‘ಸೂಪರ್ ಫ್ಲೈ’ಯಲ್ಲಿ (1972). ಕೊಕೇನ್ ಮಾರುವವನು ಆ ಚಿತ್ರದ ನಾಯಕ. ಕಪ್ಪು ಜನರ ಸಂಘಟನೆಗಳೇ ಅದನ್ನು ವಿರೋಧಿಸಿದವು. ಮೇಫೀಲ್ಡನ ಹಾಡುಗಳು ಚಿತ್ರದ ಜತೆಗೇ ಜಗಳಕ್ಕೆ ನಿಲ್ಲುತ್ತವೆ. ‘ಫ್ರೆಡ್ಡೀಸ್ ಡೆಡ್’ ಆ ದಂಧೆಯಲ್ಲಿ ಎಲ್ಲರೂ ಬಳಸಿ ಬಿಸಾಕಿದ ಒಬ್ಬ ಬಡಪಾಯಿಯ ಸಾವನ್ನು ಕುರಿತದ್ದು. ಚಿತ್ರದೊಳಗೆ ಅದರ ವಾದ್ಯ ಮಾತ್ರ ಕೇಳುತ್ತದೆ, ಪದಗಳಿಲ್ಲ! ಪದಗಳು ಉಳಿದದ್ದು ರೆಕಾರ್ಡಿನಲ್ಲಿ. ಆ ರೆಕಾರ್ಡು ಅಮೆರಿಕದ ಪಟ್ಟಿಯಲ್ಲೇ ಮೊದಲನೆಯದಾಯಿತು. ಹಾಗಂತ ಅವನನ್ನು ಪೂರಾ ಬಿಡುಗಡೆ ಮಾಡಲಾಗದು. ‘ಪುಷರ್‌ಮ್ಯಾನ್’ ಹಾಡಲು ತೆರೆಯ ಮೇಲೆ ತಾನೇ ಬಂದ. ಅದರ ಲಯಕ್ಕೆ ಕಾಲು ಕುಣಿಸಿದವನಿಗೆ ವಿಷ ಮಾರುವವನ ಠೀವಿಯೇ ಹಿಡಿಸಿದರೆ ತಪ್ಪು ಕೇಳಿದವನದಷ್ಟೇ ಅಲ್ಲ.

ಎಪ್ಪತ್ತರ ಕೊನೆಗೆ ಡಿಸ್ಕೋ ಬೆನ್ನು ಹತ್ತಿ ಸಪ್ಪೆಯಾದ. ಕರ್ಟಮ್ ಮುಚ್ಚಿತು. 1990ರ ಆಗಸ್ಟ್ 13ರಂದು ಬ್ರೂಕ್ಲಿನ್‌ನ ಬಯಲು ವೇದಿಕೆಯಲ್ಲಿ ಗಾಳಿಗೆ ದೀಪದ ಕಂಬಗಳು ಉರುಳಿ ಅವನ ಮೇಲೆ ಬಿದ್ದವು. ಕುತ್ತಿಗೆಯಿಂದ ಕೆಳಗೆ ಮೈ ಸತ್ತಿತು. ಗಿಟಾರು ಹೋಯಿತು. 1996ರ ‘ನ್ಯೂ ವರ್ಲ್ಡ್ ಆರ್ಡರ್’ ಹಾಡಿದ್ದು ಅಂಗಾತ ಮಲಗಿ, ಉಸಿರು ಸಿಕ್ಕಷ್ಟು ಹೊತ್ತು, ಒಂದೊಂದೇ ಸಾಲು. 1999ರ ಡಿಸೆಂಬರಿನಲ್ಲಿ ತೀರಿಕೊಂಡ.

1972ರಲ್ಲಿ ಮುಂಬಯಿಯ ದಲಿತ ಯುವಕರು ‘ಪ್ಯಾಂಥರ್’ ಎಂಬ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತೆಗೆದುಕೊಂಡರು. ಹಾಡು ಕಟ್ಟುವ ಗೆಳೆಯರು ಆ ಜನರಿಂದ ಇನ್ನೊಂದು ಪಾಠವನ್ನೂ ತೆಗೆದುಕೊಳ್ಳಬೇಕು: ಚಪ್ಪಾಳೆ ಎಣಿಸುವ ಮೊದಲು ಸಹಿ ಹಾಕಿದ ಕಾಗದ ಓದುವುದು.